ಮರೆವಿಗೆ ಮದ್ದು ಬಿಪಿ ಮಾತ್ರೆಯೇ?

‘ಅರವತ್ತಕ್ಕೆ ಅರಳುಮರಳು’ ಎಂದು ನಕ್ಕು ಸುಮ್ಮನಾಗುವ ಕಾಲ ಹೋಯಿತು. ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು 45 ದಾಟಿದ ಹಳ್ಳಿಗರ ನೆನಪಿನ ಜತೆಗೆ ಅವರ ಬಿಪಿ, ಸಕ್ಕರೆಯನ್ನೂ ವರ್ಷಗಟ್ಟಲೆ ಗಮನಿಸುತ್ತಿದೆ. ಹಾಗಾದರೆ ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಝೈಮರ್ ರೋಗವನ್ನು ತಡೆಯಬೇಕಾದದ್ದು ರಕ್ತನಾಳದಲ್ಲೇ?

ಪರ: ನೀರು ಮುಟ್ಟದ ಗದ್ದೆ

ದೇಹದ ತೂಕದಲ್ಲಿ ಮಿದುಳಿನ ಪಾಲು ಬರೀ ಶೇ 2. ದೇಹ ಬಳಸುವ ಆಮ್ಲಜನಕದಲ್ಲಿ ಮಾತ್ರ ಅದಕ್ಕೆ ಐದನೇ ಒಂದು ಪಾಲು ಬೇಕು. ನಾಳೆಗೆಂದು ಕೂಡಿಟ್ಟುಕೊಳ್ಳುವ ಕಣಜ ಅದಕ್ಕಿಲ್ಲ. ಕ್ಷಣಕ್ಷಣವೂ ರಕ್ತ ಹರಿಯುತ್ತಲೇ ಇರಬೇಕು. ಮಿದುಳಿನ ಆಳಕ್ಕೆ ರಕ್ತ ಮುಟ್ಟಿಸುವುದು ಕೂದಲೆಳೆಯಂಥ ನಾಳಗಳು. ಬಿಪಿ ವರ್ಷಾನುಗಟ್ಟಲೆ ಏರಿ ನಿಂತರೆ ಇವುಗಳ ಗೋಡೆ ದಪ್ಪಗಾಗಿ ಬಿರುಸಾಗುತ್ತದೆ. ನಾಲೆಯ ಕೊನೆಯ ಗದ್ದೆ ಒಣಗಿದಾಗ ಬಿತ್ತನೆ ಬೀಜವನ್ನು ಬೈದು ಏನು ಬಂತು?

ಅಮೆರಿಕದ ಕ್ರೈಸ್ತ ಸನ್ಯಾಸಿನಿಯರ ಅಧ್ಯಯನ ನೋಡಿ. ತೀರಿಕೊಂಡ 102 ಮಂದಿಯ ಮಿದುಳನ್ನು ಪರೀಕ್ಷಿಸಿ ಡೇವಿಡ್ ಸ್ನೋಡನ್ ತಂಡ 1997ರಲ್ಲಿ ವರದಿ ಕೊಟ್ಟಿತು. 61 ಮಿದುಳುಗಳಲ್ಲಿ ಅಲ್ಝೈಮರ್ ಗುರುತುಗಳಿದ್ದವು. ಅವರಲ್ಲಿಯೂ ರಕ್ತ ನಿಂತು ಅಂಗಾಂಶ ಸತ್ತ ಕಲೆಗಳಿದ್ದವರ ಬುದ್ಧಿಶಕ್ತಿಯೇ ಬದುಕಿದ್ದಾಗ ಹೆಚ್ಚು ಕುಂದಿತ್ತು. ಬೆಂಕಿ ಯಾವುದೇ ಇರಲಿ, ತುಪ್ಪ ಸುರಿದದ್ದು ಕೆಟ್ಟ ರಕ್ತನಾಳ.

ಚಿಕಿತ್ಸೆಯ ಪುರಾವೆಯೂ ಬಂದಿದೆ. ಚೀನಾದ 326 ಹಳ್ಳಿಗಳಲ್ಲಿ ರಕ್ತದೊತ್ತಡವಿದ್ದ ಸುಮಾರು 34 ಸಾವಿರ ಜನರ ಮೇಲೆ ನಾಲ್ಕು ವರ್ಷ ಪ್ರಯೋಗ ನಡೆಯಿತು. ಹಳ್ಳಿಯ ವೈದ್ಯರೇ ಬೆನ್ನುಹತ್ತಿ ಬಿಪಿ ಇಳಿಸಿದ ಊರುಗಳಲ್ಲಿ ಡಿಮೆನ್ಷಿಯಾ ಶೇ 15ರಷ್ಟು ಕಡಿಮೆಯಾಯಿತು ಎಂದು 2025ರ ವರದಿ ಹೇಳುತ್ತದೆ. ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಲು ಇಲ್ಲವೇ ಮುಂದೂಡಲು ಸಾಧ್ಯವೆಂದು 2024ರ ಲ್ಯಾನ್ಸೆಟ್ ಆಯೋಗ ಹೇಳಿತು. ಅದು ಪಟ್ಟಿ ಮಾಡಿದ 14 ಕಾರಣಗಳಲ್ಲಿ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಬೊಜ್ಜು, ಬೀಡಿ-ಸಿಗರೇಟು ಎಲ್ಲವೂ ಇವೆ. ಇವೆಲ್ಲ ರಕ್ತನಾಳದ ಶತ್ರುಗಳೇ.

ಊರಿಗೆ ಹೋದಾಗ ನಮ್ಮ ದೊಡ್ಡಮ್ಮನ ಎಲೆಅಡಿಕೆ ಸಂಚಿಯಲ್ಲಿ ಅರ್ಧ ಖಾಲಿಯಾದ ಬಿಪಿ ಮಾತ್ರೆಯ ಹಾಳೆ ಸಿಕ್ಕಿತು. ಕೇಳಿದರೆ, ‘ತಲೆ ಸುತ್ತೋದು ನಿಂತೋಯ್ತಲ್ಲ ಮಗ, ಇನ್ಯಾಕೆ?’ ಎಂದಳು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಆ ಮಾತ್ರೆ ನಾಳೆಯ ನೆನಪನ್ನೂ ಕಾಯುತ್ತದೆ ಎಂದು ಯಾರಾದರೂ ಹೇಳಿದ್ದರೆ ಬಿಡುತ್ತಿದ್ದಳೇ?

ವಿರೋಧ: ಬೀಜದಲ್ಲೇ ಇರುವ ರೋಗ

ನಮ್ಮಪ್ಪನಿಗೆ ಬಿಪಿ ಇರಲಿಲ್ಲ, ಸಕ್ಕರೆ ಇರಲಿಲ್ಲ. ನಸುಕಿಗೆದ್ದು ಕೆರೆ ಏರಿಯ ಮೇಲೆ ನಡೆದು ಬರುತ್ತಿದ್ದರು. ಒಂದು ದಿನ ಅದೇ ಏರಿಯ ಮೇಲೆ ನಿಂತು, ಎದುರು ಬಂದವರನ್ನು ‘ನಮ್ಮ ಮನೆ ಯಾವ ಕಡೆ?’ ಎಂದು ಕೇಳಿದರು. ನಾಲೆ ತುಂಬಿ ಹರಿಯುತ್ತಿದ್ದರೂ ಗದ್ದೆ ಒಣಗಿತ್ತು.

ಈ ರೋಗಕ್ಕೆ ಯಾರ ಹೆಸರಿದೆಯೋ ಆ ವೈದ್ಯ ಆಲಾಯ್ಸ್ ಅಲ್ಝೈಮರ್ ರಕ್ತನಾಳವನ್ನು ಕಡೆಗಣಿಸಿದವರಲ್ಲ. ಗಡುಸಾದ ರಕ್ತನಾಳಗಳಿಂದ ಮಿದುಳು ಸೊರಗುವುದರ ಬಗ್ಗೆ ಮೊದಲೇ ಬರೆದಿದ್ದರು. 1906ರಲ್ಲಿ ಟ್ಯೂಬಿಂಗೆನ್‌ನಲ್ಲಿ ಔಗುಸ್ಟೆ ಡೀಟರ್ ಎಂಬ ಮಹಿಳೆಯ ಪ್ರಕರಣ ಮಂಡಿಸಿದಾಗ ಅವರು ಹೊಸದೆಂದು ಎತ್ತಿ ತೋರಿಸಿದ್ದು ಬೇರೆಯದನ್ನು: ನರಕೋಶದೊಳಗಿನ ಸಿಕ್ಕುಗಂಟು, ಹೊರಗೆ ಗಸಿಯಂತೆ ನಿಂತ ಅಂಟು. ಈ ರೋಗದ ಗುರುತು ಇವತ್ತಿಗೂ ಇವೆರಡೇ.

ಡೌನ್ ಸಿಂಡ್ರೋಮ್ ಇರುವವರನ್ನು ನೋಡಿ. ಅವರ ಬಿಪಿ ಸಾಮಾನ್ಯವಾಗಿ ಕಡಿಮೆ, ರಕ್ತನಾಳದಲ್ಲಿ ಕೊಬ್ಬು ಕಟ್ಟುವುದೂ ಅಪರೂಪ. ಆದರೂ ನಲವತ್ತರ ಹೊತ್ತಿಗೆ ಬಹುತೇಕ ಎಲ್ಲರ ಮಿದುಳಿನಲ್ಲೂ ಅಮಿಲಾಯ್ಡ್ ಎಂಬ ಅದೇ ಗಸಿ ತುಂಬಿರುತ್ತದೆ. ಅಮಿಲಾಯ್ಡ್ ಹುಟ್ಟುವ ಮೂಲ ಪ್ರೊಟೀನಿನ ಜೀನ್ 21ನೇ ಕ್ರೋಮೋಸೋಮಿನಲ್ಲಿದೆ. ಅವರಲ್ಲಿ ಆ ಕ್ರೋಮೋಸೋಮು ಮೂರು. ಕೊಲಂಬಿಯಾದ ಆಂಟಿಯೋಕ್ವಿಯಾ ಸೀಮೆಯ ಕೆಲವು ಕುಟುಂಬಗಳಲ್ಲಿ ಒಂದೇ ಒಂದು ಜೀನಿನ ದೋಷ ನಲವತ್ತರ ಪ್ರಾಯದಲ್ಲೇ ಮರೆವು ತರುತ್ತದೆ.

ಇನ್ನು ಚೀನಾದ ಪ್ರಯೋಗ. ಅದು ಎಣಿಸಿದ್ದು ಎಲ್ಲ ಬಗೆಯ ಡಿಮೆನ್ಷಿಯಾವನ್ನು. ಲಕ್ವ ಹೊಡೆದು ಬರುವ ಮರೆವು ತಗ್ಗಿದರೂ ಆ ಅಂಕಿ ಇಳಿಯುತ್ತದೆ; ಅದರಿಂದ ಅಲ್ಝೈಮರ್ ನಿಂತಿತೆಂದು ಹೇಳಲಾಗದು. ಅಮೆರಿಕದಲ್ಲಿ 9,361 ಜನರ ಮೇಲೆ ನಡೆದ ಸ್ಪ್ರಿಂಟ್ ಮೈಂಡ್ ಪ್ರಯೋಗದಲ್ಲಿ ಬಿಪಿಯನ್ನು 120ಕ್ಕಿಂತ ಕೆಳಗಿಳಿಸುವ ಗುರಿ ಇಟ್ಟರು. ಆರಂಭದ ಹಂತದ ಮರೆವು ಕಡಿಮೆಯಾಯಿತು, ನಿಜ. ಡಿಮೆನ್ಷಿಯಾ ತಗ್ಗಿತೆಂದು ಖಚಿತವಾಗಿ ಹೇಳಲು ಮಾತ್ರ ಆ ಅಂತರ ಸಾಲಲಿಲ್ಲ ಎಂದು 2019ರ ವರದಿಯೇ ಒಪ್ಪಿತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ವೃದ್ಧರ ಮರೆವನ್ನು ತಡೆಯುವುದೆಂಬ ಆಸೆಯೂ ದೊಡ್ಡ ಪ್ರಯೋಗಗಳಲ್ಲಿ ಈಡೇರಲಿಲ್ಲ. ಅದೇ ಅಮಿಲಾಯ್ಡನ್ನು ಗುರಿಯಿಟ್ಟ ಲೆಕಾನೆಮ್ಯಾಬ್ ಎಂಬ ಔಷಧ 18 ತಿಂಗಳಲ್ಲಿ ರೋಗದ ಓಟವನ್ನು ಶೇ 27ರಷ್ಟು ನಿಧಾನಗೊಳಿಸಿತು. ಕೆಲವರಿಗೆ ಮಿದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವಿದೆ, ಫಲ ಅಲ್ಪವೇ. ಆದರೂ ಬಾಣ ತಾಗಿದ್ದು ರೋಗದ ಮೈಗೆ.

ಬಿಪಿ ಮಾತ್ರೆ ಬಿಡಿ ಎಂದು ಹೇಳುವ ಹುಚ್ಚು ನನಗಿಲ್ಲ. ಹೃದಯಕ್ಕೆ, ಲಕ್ವ ತಡೆಗೆ ಅದು ಬೇಕೇ ಬೇಕು. ಆದರೆ ಮದುವೆ ಮನೆಯಲ್ಲಿ ಸಿಕ್ಕ ನೆಂಟರು ‘ನೀವು ಮೊದಲೇ ಸರಿಯಾಗಿ ನೋಡ್ಕೊಂಡಿದ್ರೆ ಮಾವನಿಗೆ ಹೀಗಾಗ್ತಿರಲಿಲ್ಲ’ ಎಂದು ನಮ್ಮಮ್ಮನಿಗೆ ಹೇಳಿದರು. ಆ ಮಾತಿಗೆ ಬಲ ಕೊಡುವುದು ‘ತಡೆಯಬಹುದಿತ್ತು’ ಎಂಬ ಈ ವಾದವೇ. ಅಮ್ಮ ಅವತ್ತು ಎಲೆ ಮುಂದೆ ಕೂತವಳು ಉಣ್ಣದೆ ಎದ್ದಳು.