ಕೆರೆ ಕಾಣಲು ಇಂಗ್ಲೆಂಡಿಗೇ ಹೋಗಬೇಕೆ?

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗಿಬಂದ ಕೀಲ್ಪಾಕಿನ ನಮ್ಮ ಹಿರಿಯರು ವಿಂಡರ್‌ಮಿಯರ್ ದಡದ ನಡಿಗೆಯನ್ನೂ ಸ್ಲಿಂಬ್ರಿಜ್‌ನ ಹಂಸಗಳನ್ನೂ ಬಣ್ಣಿಸಿ ದಣಿಯರು. ಬಣ್ಣಿಸಲಿ. ಆದರೆ ಕೂಗಳತೆಯಲ್ಲಿರುವ ಚೇತ್‌ಪೇಟೆ ಕೆರೆಯ ದಡದಲ್ಲಿ ಇವರಲ್ಲೆಷ್ಟು ಮಂದಿ ನಡೆದಿದ್ದಾರೆ? ಪಳ್ಳಿಕ್ಕರಣೈ ಎಂದೊಡನೆ ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ಆ ನಾರುವ ಕಸ ನಮ್ಮದೇ. ಪೆರುಂಗುಡಿಯಲ್ಲಿ ದಶಕಗಳ ಕಾಲ ಜೌಗಿನೊಳಕ್ಕೇ ಸುರಿದದ್ದು. ಅಷ್ಟಾದರೂ ರಾಜಹಂಸಗಳು ಅಲ್ಲಿಗೆ ಬರುವುದನ್ನು ಬಿಟ್ಟಿಲ್ಲ. 2022ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು.

ಇಂಗ್ಲೆಂಡಿನ ಸರೋವರಗಳೇನೂ ತಾವಾಗಿ ಉಳಿದವಲ್ಲ. ಮ್ಯಾಂಚೆಸ್ಟರ್ ನಗರದ ನೀರಿಗಾಗಿ ಥರ್ಲ್‌ಮಿಯರ್‌ಗೆ ಅಣೆಕಟ್ಟು ಬಿದ್ದಿತು, ತಡೆಯಹೊರಟವರು ಸೋತರು. ಸೋತ ಮೇಲೂ ಸುಮ್ಮನಾಗಲಿಲ್ಲ: 1895ರಲ್ಲಿ ರಾನ್ಸ್‌ಲಿ ಮೊದಲಾದ ಮೂವರು ನ್ಯಾಷನಲ್ ಟ್ರಸ್ಟ್ ಕಟ್ಟಿದರು. ಸ್ಲಿಂಬ್ರಿಜ್‌ನ ಹಕ್ಕಿಗಳಿಗೆ 1946ರಲ್ಲಿ ಪೀಟರ್ ಸ್ಕಾಟ್ ಬೆನ್ನಾಗಿ ನಿಂತರು.

ನಾವು ಮಾಡಿದ್ದೇನು? ಮೈಲಾಪುರದ ಉದ್ದನೆಯ ಕೆರೆಯನ್ನು 1920ರ ದಶಕದಲ್ಲಿ ತ್ಯಾಗರಾಯನಗರ ನುಂಗಿತು. ನುಂಗಂಬಾಕ್ಕಂ ಕೆರೆಯಿದ್ದೆಡೆ 1976ರಲ್ಲಿ ವಳ್ಳುವರ್ ಕೋಟ್ಟಂ ಎದ್ದಿತು. ತವರಿನ ಹೆಮ್ಮೆಯೂ ಬೇಡ: ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ, ಕನ್ನಡದಲ್ಲಿ ಕೆರೆಯ ಕಟ್ಟೆ; ಎರಡು ಭಾಷೆಯವರೂ ಸೇರಿ ನೀರನ್ನೂ ಕಟ್ಟೆಯನ್ನೂ ಕಳೆದೆವು. 2015ರ ಡಿಸೆಂಬರಿನಲ್ಲಿ ಆ ನೀರು ಮನೆಯೊಳಗೆ ಬಂದಾಗ ಮಾತ್ರ ಮಳೆಯನ್ನು ಬೈದೆವು.

ಮುಂದಿನ ಚಳಿಗಾಲದ ವಿಹಾರವನ್ನು ನಮ್ಮ ಸಂಘಗಳು ಪಳ್ಳಿಕ್ಕರಣೈಗೇ ಇಟ್ಟುಕೊಳ್ಳಲಿ. ದುರ್ಬೀನಿನ ಜೊತೆಗೆ, ಒತ್ತುವರಿ ಎಲ್ಲಿಯವರೆಗೆ ಬಂದಿದೆಯೆಂದು ಅಧಿಕಾರಿಗಳನ್ನು ಕೇಳುವ ಅರ್ಜಿಯನ್ನೂ ಒಯ್ಯಲಿ.