ನಾಷ್ಟಾಕ್ಕೆ ನುಚ್ಚು ಸಾಕಲ್ಲವೇ?

ಮುಂಜಾನೆ ಭಾಲ್ಕಿ, ಔರಾದ ಕಡೆಯ ಬಸ್ಸಿನಿಂದ ಬೀದರದಲ್ಲಿ ಇಳಿಯುವವರಲ್ಲಿ ನಮ್ಮಂಥ ರೈತರು ಬಹಳ. ಇಳಿದವರ ಕಾಲು ಮೊದಲು ಹೊರಳುವುದು ಹೋಟೆಲಿನ ಕಡೆಗೆ. ಪೂರಿ, ಇಡ್ಲಿ, ಮೇಲೊಂದು ಚಹಾ. ನಾನೂ ಹಾಗೆ ಮಾಡಿದವನೇ. ಮನೆಯಲ್ಲಿ ಉಂಡು ಬರಬಾರದೇ ಎಂದರೆ ಸಿಗುವ ಉತ್ತರ ಒಂದೇ: "ಹೊತ್ತು ಮೂಡೂದ್ರಾಗ ರೊಟ್ಟಿ ಬಡೀಲಿಕ್ಕೆ ಯಾರಿಗಿ ಪುರಸೊತ್ತು ಅದರಿ?"

ಮಾತು ಖರೆ ಅದ. ಮನೆಯ ಹೆಣ್ಣುಮಕ್ಕಳೂ ಹೊಲಕ್ಕೆ ಹೋಗಬೇಕು. ಐದು ಮಂದಿಗೆ ರೊಟ್ಟಿ ಬಡಿದು ಪಲ್ಯ ಮಾಡುವುದು ತಾಸಿನ ಕೆಲಸ. ಆದರೆ ಜೋಳ ಎಂದರೆ ಬರೇ ರೊಟ್ಟಿಯೇ? ನುಚ್ಚು ಎಲ್ಲಿ ಹೋಯಿತು?

ಜೋಳಕ್ಕೆ ನೀರು ಚಿಮುಕಿಸಿ, ತುಸು ಆರಿಸಿ, ಗಿರಣಿಯಲ್ಲಿ ದಪ್ಪಗೆ ಒಡೆಸಬೇಕು. ಕೇರಿ ಸಿಪ್ಪೆ ತೆಗೆದು ಜರಡಿ ಹಿಡಿದರೆ ಹಿಟ್ಟು ರೊಟ್ಟಿಗೆ, ನುಚ್ಚು ನಾಷ್ಟಾಕ್ಕೆ. ರಾತ್ರಿ ನೆನೆ ಹಾಕಿ, ಮುಂಜಾನೆ ಒಂದು ಪಾಲು ನುಚ್ಚಿಗೆ ನಾಲ್ಕು ಪಾಲು ನೀರು, ಉಪ್ಪು ಹಾಕಿ ಸಣ್ಣ ಉರಿಯ ಮೇಲಿಟ್ಟರೆ ಅರ್ಧ ತಾಸಿನಲ್ಲಿ ಬೇಯುತ್ತದೆ. ಮುಂದೆ ನಿಂತು ಕಾಯಬೇಕಿಲ್ಲ, ನಡುನಡುವೆ ಕೈಯಾಡಿಸಿದರೆ ಸಾಕು. ಮೇಲೆ ಮಜ್ಜಿಗೆ, ಬದಿಗೆ ಶೇಂಗಾ ಹಿಂಡಿ, ಇದ್ದರೆ ಪುಂಡಿಪಲ್ಯ. ಉಂಡವನಿಗೆ ಮಧ್ಯಾಹ್ನದ ತನಕ ಹಸಿವಿನ ನೆನಪಾಗದು. ಒಲೆ ನೋಡಿಕೊಳ್ಳಲು ಗಂಡಸರಿಗೂ ಬರುತ್ತದೆ. ಇದಕ್ಕೆ ಬಡಿಯುವ ಕೈಚಳಕ ಬೇಡ.

ಖರ್ಚಿನ ಲೆಕ್ಕ ನೋಡೋಣ. 2025-26ಕ್ಕೆ ಮಾಲ್ದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಆ ದರ ಹಿಡಿದರೆ ಅರ್ಧ ಕಿಲೋ ಜೋಳ 19 ರೂಪಾಯಿಯೊಳಗೆ. ಐದು ಮಂದಿಯ ನಾಷ್ಟಾಕ್ಕೆ ಅಷ್ಟು ಸಾಕು. ವರ್ಷವಿಡೀ ಮಾಡಿದರೂ ಎರಡು ಕ್ವಿಂಟಲ್ ಬೇಡ.

ಆ ಎರಡು ಕ್ವಿಂಟಲ್ ನಮ್ಮ ಹೊಲದಲ್ಲಿ ಅದೆಯೇ? ಇಲ್ಲೇ ನಮ್ಮ ತಪ್ಪು. ಭಾಲ್ಕಿ, ಔರಾದಿನ ಕರಿ ನೆಲದಲ್ಲಿ ಮುಂಗಾರಿಗೆ ಎತ್ತ ನೋಡಿದರೂ ಸೋಯಾ. ಸೋಯಾ ಮಾರಿದ ರೊಕ್ಕದಲ್ಲಿ ಜೋಳ ಕೊಳ್ಳುತ್ತೇವೆ, ದೇವಣಿ ಎತ್ತು ಕಟ್ಟಿದವರು ಮೇವನ್ನೂ ಕೊಳ್ಳುತ್ತೇವೆ. ಸೋಯಾ ಬಿಡಿರಿ ಎಂದು ನಾನು ಹೇಳುವುದಿಲ್ಲ, ರೊಕ್ಕ ಬೇಕು. ಸೋಯಾ ಕೊಯ್ದ ಮೇಲೆ ತೇವ ಇದ್ದ ಕಡೆ ಒಂದೆಕರೆಗೆ ಹಿಂಗಾರಿ ಜೋಳ ಬಿತ್ತಿರಿ. ಬೀಜ ಮೂರು ಕಿಲೋ ಸಾಕು. ಕಾಳು ಮನೆಗೆ, ಕಣಿಕೆ ದನಕ್ಕೆ.

"ಒಬ್ಬನೇ ಬಿತ್ತಿದರೆ ಹಕ್ಕಿ ಉಳಿಸೂದಿಲ್ಲ" ಎನ್ನುವವರಿದ್ದಾರೆ. ಅವರ ಮಾತು ನಾನು ತೆಗೆದುಹಾಕುವುದಿಲ್ಲ. ಸುತ್ತ ಬರಿ ನೆಲ, ನಡುವೆ ಒಂದೇ ಜೋಳದ ಹೊಲ ಅಂದರೆ ಊರ ಹಕ್ಕಿಯೆಲ್ಲ ಅಲ್ಲೇ. ಕೊಯ್ಯಲು ಆಳೂ ಸಿಗುವುದಿಲ್ಲ. ಅದಕ್ಕೇ ಒಬ್ಬರಿಂದ ಆಗುವ ಕೆಲಸ ಇದಲ್ಲ. ಬದು ಕೂಡಿದ ನಾಲ್ಕೈದು ಮಂದಿ ಮಾತಾಡಿಕೊಂಡು ಒಂದೇ ವಾರದಲ್ಲಿ ಬಿತ್ತಬೇಕು. ಹಕ್ಕಿ ತಿನ್ನುವುದು ಹಂಚಿಹೋಗುತ್ತದೆ, ಕಾಯುವ ಪಾಳಿಯೂ ಹಂಚಿಹೋಗುತ್ತದೆ, ಕೊಯ್ಲಿಗೆ ಮುಯ್ಯಾಳು ಆಗುತ್ತದೆ.

ರೈತನ ಮನೆಯ ಬೆಳಗಿನ ಗಂಗಾಳಕ್ಕೆ ಪೇಟೆಯ ಹಾದಿ ಕಾಯುವ ಗತಿ ಬರಬಾರದು. ಈ ಸಲ ಸೋಯಾ ರಾಶಿಯ ದಿನವೇ ಬದುವಿನ ಆಚೆಯವರನ್ನು ಕರೆದು ಕೇಳಿರಿ: "ಏನಣ್ಣಾ, ಒಂದೆಕರೆ ಜ್ವಾಳ ಕೂಡೇ ಬಿತ್ತೋಣೇನು?"