ಜಮೈಕಾದ ಹಿತ್ತಲ ಗಿಡ

1998ರ ಜೂನ್ 26, ಫ್ರಾನ್ಸಿನ ಲಿಯಾನ್. ಮೊದಲ ಸಲ ವಿಶ್ವಕಪ್‌ಗೆ ಬಂದಿದ್ದ ಜಮೈಕಾ ಕ್ರೊಯೇಷ್ಯಾ ಎದುರು 1-3, ಅರ್ಜೆಂಟೀನಾ ಎದುರು 0-5 ಸೋತು ಆಗಲೇ ಗಂಟುಮೂಟೆ ಕಟ್ಟಿತ್ತು. ಕೊನೇ ಪಂದ್ಯ ಜಪಾನ್ ಮೇಲೆ. ಮಾಂಟೆಗೊ ಬೇ ಹುಡುಗ ಥಿಯೋಡೋರ್ ವಿಟ್‌ಮೋರ್ ಎರಡು ಗೋಲು ಹೊಡೆದ. 2-1. ಆಮೇಲಿನ ಆರು ವಿಶ್ವಕಪ್‌ಗಳಲ್ಲಿ ಜಮೈಕಾ ಕಾಣಲೇ ಇಲ್ಲ. ಅಂದರೆ ಆ ದೇಶದ ಎರಡು ತಲೆಮಾರಿಗೆ ನೆನಪಿಟ್ಟುಕೊಳ್ಳಲು ಉಳಿದ ಗೆಲುವು ಇವನದ್ದು. ಊರಿನವರು ಪ್ರೀತಿಯಿಂದ 'ಟಪ್ಪಾ' ಅಂತಾರೆ.

ಇಂಥವನು ಕೋಚ್ ಆದಮೇಲೆ ಜಮೈಕಾದ ಫುಟ್‌ಬಾಲ್ ಆಡಳಿತ ಅವನನ್ನು ನಡೆಸಿಕೊಂಡ ರೀತಿಗೆ ನಮ್ಮ ತಕರಾರಿದೆ.

2007ರಲ್ಲಿ ಸರ್ಬಿಯಾದ ಬೋರಾ ಮಿಲುಟಿನೊವಿಚ್‌ರನ್ನು ಕಳಿಸಿದರು. ಬಾ ಟಪ್ಪಾ, ಹಂಗಾಮಿಯಾಗಿ ನೋಡ್ಕೋ. 2009ರಲ್ಲಿ ಜಾನ್ ಬಾರ್ನ್ಸ್ ಇಂಗ್ಲೆಂಡಿನ ಕ್ಲಬ್ಬೊಂದಕ್ಕೆ ಹೊರಟರು. ಬಾ ಟಪ್ಪಾ. ಮರುವರ್ಷ ಆತ ಕೆರಿಬಿಯನ್ ಕಪ್ ಗೆದ್ದುಕೊಟ್ಟ. 2014ರ ವಿಶ್ವಕಪ್ ಅರ್ಹತೆಯ ಕೊನೇ ಸುತ್ತಿಗೂ ತಂಡವನ್ನು ಮುಟ್ಟಿಸಿದ. ಅಲ್ಲಿ ಸಾಲು ಸೋಲು ಬಂದಾಗ 2013ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟ. ಜರ್ಮನಿಯ ವಿನ್‌ಫ್ರೀಡ್ ಶೇಫರ್ ಬಂದರು, 2016ರಲ್ಲಿ ಹೋದರು. ಮತ್ತೆ ಬಾ ಟಪ್ಪಾ!

ಬಂದ. 2017ರ ಗೋಲ್ಡ್ ಕಪ್ ಸೆಮಿಫೈನಲ್‌ನಲ್ಲಿ ಮೆಕ್ಸಿಕೋವನ್ನು 1-0ಯಿಂದ ಕೆಡವಿದ. ಕೆಮಾರ್ ಲಾರೆನ್ಸ್ ಫ್ರೀಕಿಕ್, 88ನೇ ನಿಮಿಷ. ಫೈನಲ್‌ನಲ್ಲಿ ಅಮೆರಿಕ ಎದುರು 1-2, ಅದೂ ಪಂದ್ಯ ಮುಗಿಯಲು ಎರಡು ನಿಮಿಷ ಇರುವಾಗ ಬಿದ್ದ ಗೋಲು. ಮೊದಲರ್ಧದಲ್ಲೇ ಗೋಲ್‌ಕೀಪರ್ ಆಂಡ್ರೆ ಬ್ಲೇಕ್ ಕೈಗೆ ಪೆಟ್ಟಾಗಿ ಹೊರಗೆ ಹೋಗಿದ್ದರು ಅನ್ನೋದನ್ನ ಎಷ್ಟು ಜನ ಲೆಕ್ಕಕ್ಕೆ ಹಿಡಿದರು?

ಟಪ್ಪಾ ತಪ್ಪೇ ಮಾಡಲಿಲ್ಲ ಅಂತ ನಾವು ಹೇಳುತ್ತಿಲ್ಲ. 2022ರ ಅರ್ಹತಾ ಸುತ್ತಿನ ಮೊದಲ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದೇ. 2021ರ ಡಿಸೆಂಬರ್‌ನಲ್ಲಿ ತೆಗೆದರು, ಸರಿ. ಹೊರಗಿನವರು ಬರಬಾರದು ಅಂತಲೂ ಅಲ್ಲ. 1998ಕ್ಕೆ ಕರೆದೊಯ್ದದ್ದು ಬ್ರೆಜಿಲ್‌ನ ರೆನೆ ಸಿಮೋಯಿಸ್, 2015ರಲ್ಲಿ ಶೇಫರ್ ಕೂಡ ಗೋಲ್ಡ್ ಕಪ್ ಫೈನಲ್ ಆಡಿಸಿದರು. ಪ್ರಶ್ನೆ ಅಳತೆಗೋಲಿನದ್ದು. ಐಸ್‌ಲ್ಯಾಂಡಿನ ಹಾಲ್‌ಗ್ರಿಮ್ಸನ್ ತಂಡ 2024ರ ಕೋಪಾ ಅಮೆರಿಕದಲ್ಲಿ ಮೂರಕ್ಕೆ ಮೂರೂ ಸೋತಿತು. ಆಮೇಲಾದರೂ ಮನೆಯೊಳಗೆ ನೋಡಿದರೇ? ಸ್ಟೀವ್ ಮೆಕ್ಲಾರೆನ್‌ರನ್ನು ತಂದರು. ಇಂಗ್ಲೆಂಡನ್ನು 2008ರ ಯೂರೋಗೆ ಮುಟ್ಟಿಸಲಾಗದೆ ಕೆಲಸ ಕಳೆದುಕೊಂಡವರು ಅವರೇ. ಪರದೇಶಿಯ ಸೋಲಿಗೆ ಅನುಭವ ಅಂತ ಹೆಸರು, ಊರವನ ಸೋಲಿಗೆ ಅಸಮರ್ಥತೆ ಅಂತ.

2025ರ ನವೆಂಬರ್‌ನಲ್ಲಿ ಕಿಂಗ್ಸ್‌ಟನ್‌ನಲ್ಲೇ ಪುಟಾಣಿ ಕುರಸಾವ್ 0-0 ಡ್ರಾ ಮಾಡಿಕೊಂಡು ನೇರ ವಿಶ್ವಕಪ್‌ಗೆ ಹೋಯಿತು. ಕುರಸಾವ್‌ನ ಆಗಿನ ಕೋಚ್ ಡಿಕ್ ಅಡ್ವೊಕಾಟ್ ಕೂಡ ಡಚ್ಚರೇ, ಅದನ್ನೂ ಹೇಳಿಬಿಡೋಣ. ಮೆಕ್ಲಾರೆನ್ ಅವತ್ತೇ ರಾಜೀನಾಮೆ ಇತ್ತರು.

ದೂರದ ದ್ವೀಪದ ಕೋಚ್ ಬಗ್ಗೆ ನಮಗ್ಯಾಕೆ ಇಷ್ಟು ಸಿಟ್ಟು ಅಂತೀರಾ? ಜಿಲ್ಲೆಗಳಲ್ಲಿ ಸುದ್ದಿ ಹೆಕ್ಕುವ ನಮ್ಮಂಥವರಿಗೆ ಈ 'ಹಂಗಾಮಿ' ಪದ ಚೆನ್ನಾಗಿ ಗೊತ್ತು. ಕೆರೆ ಏರಿ ಒಡೆದ ರಾತ್ರಿ ಫೋನ್ ಬರುವುದು ನಮಗೆ. ಬೆಳಗ್ಗೆ ಕಾರಿನಲ್ಲಿ ಬಂದಿಳಿದವರ ಹೆಸರು ಮೊದಲ ಪುಟದಲ್ಲಿ. ನಮ್ಮಲ್ಲೊಬ್ಬರಿಗೆ ಹನ್ನೊಂದು ವರ್ಷದಿಂದ 'ಮುಂದಿನ ತಿಂಗಳು ಕಾಯಂ'.

ಮೆಕ್ಲಾರೆನ್ ಹೋದಮೇಲೆ ಕಿಂಗ್ಸ್‌ಟನ್‌ನಲ್ಲಿ ಏನಾಯಿತು ಗೊತ್ತಾ? ಊರಿನ ಕೋಚ್ ರುಡಾಲ್ಫ್ ಸ್ಪೀಡ್‌ರನ್ನು ಕರೆದು ಕೂರಿಸಿದರು. ಹಂಗಾಮಿಯಾಗಿ.